ಪಿಂಚಣಿಯೂ ಸಂಬಳವೂ ಒಟ್ಟಿಗೆ: ಅಮೆರಿಕದ ಶಾಲೆಗಳಲ್ಲಿ ಇದು ಹೇಗೆ ನಡೆಯುತ್ತದೆ, ಜನ ಯಾಕೆ ಸಿಟ್ಟಾಗುತ್ತಾರೆ?

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳ ಬಜೆಟ್ ಚರ್ಚೆಗೆ ಬಂದಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಬೇಸಿಗೆಯಲ್ಲಿ ನಿವೃತ್ತರಾದ ಮುಖ್ಯೋಪಾಧ್ಯಾಯರು ಶಾಲೆ ಶುರುವಾಗುವ ಹೊತ್ತಿಗೆ ಮತ್ತೆ ಅದೇ ಕುರ್ಚಿಯಲ್ಲಿ ಕೂತಿರುತ್ತಾರೆ. ಪಿಂಚಣಿ ಒಂದು ಕಡೆಯಿಂದ ಬರುತ್ತದೆ, ಸಂಬಳ ಇನ್ನೊಂದು ಕಡೆಯಿಂದ ಬರುತ್ತದೆ. ಎರಡೂ ನಮ್ಮ ತೆರಿಗೆ ದುಡ್ಡೇ ಅಲ್ವಾ, ಇದು ಯಾವ ನ್ಯಾಯ ಅಂತ ಜನ ಕೇಳುತ್ತಾರೆ. ಇದಕ್ಕೆ ಅಲ್ಲಿ ಡಬಲ್ ಡಿಪ್ಪಿಂಗ್ ಎಂಬ ಹೆಸರು ಬಿದ್ದಿದೆ. ಕೋವಿಡ್ ನಂತರ ಶಿಕ್ಷಕರೂ ಸಿಗದೆ, ಬಸ್ ಚಾಲಕರೂ ಸಿಗದೆ ಹಲವು ರಾಜ್ಯಗಳು ನಿವೃತ್ತರನ್ನು ವಾಪಸ್ ಕರೆಯುವ ನಿಯಮಗಳನ್ನು ಸಡಿಲಿಸಿದವು. ಆಮೇಲೆ ಈ ಚರ್ಚೆಗೆ ಇನ್ನಷ್ಟು ಕಾವು ಬಂತು.

ಅಲ್ಲಿ ಮನೆ ಕೊಂಡು ನೆಲೆಸಿರುವ ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. ಎಷ್ಟೋ ಊರುಗಳಲ್ಲಿ ಮನೆ ತೆರಿಗೆಯ ಬಿಲ್ಲಿನಲ್ಲಿ ಶಾಲೆಯ ಪಾಲೇ ದೊಡ್ಡದು. ನ್ಯೂಯಾರ್ಕ್ ರಾಜ್ಯದ ಹೆಚ್ಚಿನ ಊರುಗಳಲ್ಲಿ ಮೇ ತಿಂಗಳ ಮೂರನೇ ಮಂಗಳವಾರ ಶಾಲಾ ಬಜೆಟ್‌ಗೆ ಜನರೇ ಮತ ಹಾಕುತ್ತಾರೆ. ಒಹಾಯೋದಲ್ಲಿ ಶಾಲಾ ತೆರಿಗೆ ಪ್ರಸ್ತಾವಗಳು ಮತಪತ್ರಕ್ಕೇ ಬರುತ್ತವೆ. ಪೌರತ್ವ ಸಿಕ್ಕವರು ಮತ ಹಾಕುತ್ತಾರೆ. ಸಿಗದವರೂ ತೆರಿಗೆಯಂತೂ ಕಟ್ಟಲೇಬೇಕು. ಹಾಗಾಗಿ ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಅಂತ ಬುಡದಿಂದ ತಿಳಿದುಕೊಳ್ಳುವುದು ಒಳ್ಳೆಯದು. ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ ಇರುವುದರಿಂದ ಒಹಾಯೋವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಬೇರೆ ರಾಜ್ಯಗಳ ವಿಷಯ ಆಮೇಲೆ ಬರುತ್ತದೆ.

ಎರಡು ದುಡ್ಡು, ಎರಡು ಜೇಬು

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಸಂಬಳ ಕೊಡುವುದು ಶಾಲಾ ಜಿಲ್ಲೆ. ಶಾಲಾ ಜಿಲ್ಲೆ ಅಂದರೆ ಒಂದು ಊರಿನ ಅಥವಾ ಅಕ್ಕಪಕ್ಕದ ಕೆಲವು ಊರುಗಳ ಶಾಲೆಗಳನ್ನು ನಡೆಸುವ, ಚುನಾಯಿತ ಮಂಡಳಿ ಇರುವ ಸಂಸ್ಥೆ. ಒಹಾಯೋ ಒಂದರಲ್ಲೇ ಇಂಥವು 600ಕ್ಕೂ ಹೆಚ್ಚಿವೆ. ಪಿಂಚಣಿಯನ್ನು ಜಿಲ್ಲೆ ಕೊಡುವುದಿಲ್ಲ. ಅದು ರಾಜ್ಯಮಟ್ಟದ ಪಿಂಚಣಿ ನಿಧಿಯಿಂದ ಬರುತ್ತದೆ. ಒಹಾಯೋದಲ್ಲಿ ಶಿಕ್ಷಕರಿಗೆ, ಮುಖ್ಯೋಪಾಧ್ಯಾಯರಿಗೆ ಎಸ್‌ಟಿಆರ್‌ಎಸ್ ಎಂಬ ನಿಧಿ ಇದೆ. ಬಸ್ ಓಡಿಸುವವರು, ಅಡುಗೆಯವರು, ಕಚೇರಿ ಸಿಬ್ಬಂದಿ, ಶಾಲೆ ಗುಡಿಸುವವರು, ಇವರಿಗೆ ಎಸ್‌ಇಆರ್‌ಎಸ್ ಎಂಬ ಬೇರೆ ನಿಧಿ.

ಶಿಕ್ಷಕರ ನಿಧಿಗೆ ದುಡ್ಡು ಮೂರು ಕಡೆಯಿಂದ ಬರುತ್ತದೆ. ಶಿಕ್ಷಕರು ತಮ್ಮ ಸಂಬಳದ ಶೇ. 14 ಕಟ್ಟುತ್ತಾರೆ. ಶಾಲಾ ಜಿಲ್ಲೆ ಇನ್ನೊಂದು ಶೇ. 14 ಸೇರಿಸುತ್ತದೆ. ಕೂಡಿದ ಹಣವನ್ನು ಷೇರು, ಸಾಲಪತ್ರ, ಆಸ್ತಿಗಳಲ್ಲಿ ಹೂಡುತ್ತಾರೆ, ಅದರ ಗಳಿಕೆ ಮೂರನೆಯದು. ಜಿಲ್ಲೆ ಕಟ್ಟುವ ಶೇ. 14 ತೆರಿಗೆಯಿಂದಲೇ ಬರಬೇಕು. ಹಾಗಾಗಿ ಪಿಂಚಣಿ ಪೂರ್ತಿ ತೆರಿಗೆದಾರರ ದುಡ್ಡು ಅನ್ನುವುದೂ ತಪ್ಪು, ತೆರಿಗೆದಾರರಿಗೆ ಸಂಬಂಧವೇ ಇಲ್ಲ ಅನ್ನುವುದೂ ತಪ್ಪು.

ಇನ್ನೊಂದು ಮುಖ್ಯ ವಿಷಯ. ಅಮೆರಿಕದ ಬಹುತೇಕ ನೌಕರರಿಗೆ ಸೋಷಿಯಲ್ ಸೆಕ್ಯುರಿಟಿ ಎಂಬ ಕೇಂದ್ರ ಸರ್ಕಾರದ ವೃದ್ಧಾಪ್ಯ ಪಿಂಚಣಿ ಇರುತ್ತದೆ. ಒಹಾಯೋದ ಶಾಲಾ ನೌಕರರು ಶಾಲೆಯ ಸಂಬಳದ ಮೇಲೆ ಅದಕ್ಕೆ ಕಂತು ಕಟ್ಟುವುದಿಲ್ಲ, ಆ ಸೇವೆಗೆ ಅಲ್ಲಿಂದ ಪಡೆಯುವುದೂ ಇಲ್ಲ. ಕ್ಯಾಲಿಫೋರ್ನಿಯಾ, ಇಲಿನಾಯ್, ಮ್ಯಾಸಚೂಸೆಟ್ಸ್ ಶಿಕ್ಷಕರದ್ದೂ ಇದೇ ಕಥೆ. ಟೆಕ್ಸಾಸ್‌ನ ಹೆಚ್ಚಿನ ಜಿಲ್ಲೆಗಳಲ್ಲೂ ಹೀಗೇ. ಅವರಿಗೆ ಶಾಲಾ ಪಿಂಚಣಿಯೇ ಮುಖ್ಯ ಆಸರೆ. "ಅಷ್ಟೊಂದು ಪೆನ್ಷನ್ನಾ?" ಅಂತ ಹುಬ್ಬೇರಿಸುವ ಮೊದಲು ಇದು ತಿಳಿದಿರಬೇಕು.

ನಿವೃತ್ತಿಯಾದರೆ ಎಷ್ಟು, ಆಗದಿದ್ದರೆ ಎಷ್ಟು?

ಇಡೀ ಚರ್ಚೆಯ ಗುಟ್ಟು ಒಂದು ಸಣ್ಣ ಲೆಕ್ಕದಲ್ಲಿದೆ. ಅದನ್ನು ನಿಧಾನವಾಗಿ ನೋಡೋಣ.

ಎಸ್‌ಟಿಆರ್‌ಎಸ್ ಪಿಂಚಣಿಯ ಸೂತ್ರ ಸರಳ. ಸೇವೆ ಮಾಡಿದ ಒಂದೊಂದು ವರ್ಷಕ್ಕೆ ಶೇ. 2.2. ಯಾವುದರ ಶೇ. 2.2? ಅತಿ ಹೆಚ್ಚು ಸಂಬಳ ಪಡೆದ ಐದು ವರ್ಷಗಳ ಸರಾಸರಿಯ ಮೇಲೆ. 30 ವರ್ಷ ಪಾಠ ಮಾಡಿದವರಿಗೆ 30 ಸಲ 2.2, ಅಂದರೆ ಶೇ. 66.

ಸುಮ್ನೆ ಲೆಕ್ಕಕ್ಕೆ ಒಬ್ಬ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ವಯಸ್ಸು 55. ಸೇವೆ 30 ವರ್ಷ. ಸರಾಸರಿ ಸಂಬಳ ವರ್ಷಕ್ಕೆ 80,000 ಡಾಲರ್, ಈಗಿನ ಸಂಬಳವೂ ಅಷ್ಟೇ ಅಂದುಕೊಳ್ಳೋಣ. ಪೂರ್ಣ ಪಿಂಚಣಿಗೆ ಅರ್ಹತೆ ಬಂದಿದೆ ಅಂತಲೂ ಇಟ್ಟುಕೊಳ್ಳೋಣ (ಈಗ ಒಹಾಯೋದಲ್ಲಿ ಈ ವಯಸ್ಸಿಗೆ ಅದು ಸಿಗಲು 30ಕ್ಕಿಂತ ಹೆಚ್ಚು ವರ್ಷದ ಸೇವೆ ಬೇಕು, ಲೆಕ್ಕ ಸುಲಭವಾಗಲಿ ಅಂತ 30 ಹಿಡಿದಿದ್ದೇನೆ). ನಿವೃತ್ತರಾದರೆ ವರ್ಷಕ್ಕೆ 52,800 ಡಾಲರ್ ಪಿಂಚಣಿ ಬರುತ್ತದೆ.

ನಿವೃತ್ತರಾಗದೆ ಕೆಲಸ ಮುಂದುವರಿಸಿದರೆ ಸಂಬಳ 80,000. ಅದರಲ್ಲಿ ಶೇ. 14, ಅಂದರೆ 11,200 ಡಾಲರ್ ಪಿಂಚಣಿ ಕಂತಿಗೆ ಹೋಗುತ್ತದೆ. ಆದಾಯ ತೆರಿಗೆ ಬದಿಗಿಟ್ಟರೆ ಕೈಗೆ ಬರುವುದು 68,800.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಮನೆಯಲ್ಲಿದ್ದರೆ 52,800. ದಿನಾ ಬೆಳಿಗ್ಗೆ ಎದ್ದು ಶಾಲೆಗೆ ಹೋದರೆ 68,800. ಅಂದರೆ ಇಡೀ ವರ್ಷ ಪಾಠ ಮಾಡಿದ್ದಕ್ಕೆ ಆಕೆಗೆ ಹೆಚ್ಚಿಗೆ ಸಿಗುವುದು 16,000 ಡಾಲರ್ ಮಾತ್ರ.

ಮುಂದುವರಿಸಿದರೆ ಪಿಂಚಣಿ ಬೆಳೆಯುವುದಿಲ್ಲವೇ ಅಂತ ಕೇಳಬಹುದು. ಬೆಳೆಯುತ್ತದೆ. ಐದು ವರ್ಷ ಹೆಚ್ಚಿಗೆ ದುಡಿದು 60ಕ್ಕೆ ನಿವೃತ್ತರಾದರೆ ಶೇ. 77 ಸಿಗುತ್ತದೆ, ವರ್ಷಕ್ಕೆ 61,600. ಮೊದಲಿಗಿಂತ 8,800 ಜಾಸ್ತಿ. ಆದರೆ ಆ ಐದು ವರ್ಷ ಬಿಟ್ಟುಕೊಟ್ಟ ಪಿಂಚಣಿ ಒಟ್ಟು 2,64,000 ಡಾಲರ್. ವರ್ಷಕ್ಕೆ 8,800ರಂತೆ ಅದನ್ನು ತುಂಬಿಕೊಳ್ಳಲು 30 ವರ್ಷ ಬೇಕು. ಅಷ್ಟೊತ್ತಿಗೆ ಆಕೆಗೆ 90 ವಯಸ್ಸು. ಸಂಬಳ ಏರಿಕೆ, ಬಡ್ಡಿ ಇವನ್ನೆಲ್ಲ ಸೇರಿಸಿದರೆ ಅಂಕಿಗಳು ಬದಲಾಗುತ್ತವೆ, ಒಟ್ಟು ಚಿತ್ರ ಬದಲಾಗುವುದಿಲ್ಲ.

ಮೂರನೇ ದಾರಿ ನೋಡಿ. ಆಕೆ ನಿವೃತ್ತರಾಗುತ್ತಾರೆ. ನಿಯಮದ ಪ್ರಕಾರ ಸ್ವಲ್ಪ ಕಾಲ ಬಿಡುವು ಕೊಟ್ಟು, ಕಡಿಮೆ ಸಂಬಳಕ್ಕೆ, 50,000 ಡಾಲರ್‌ಗೆ ಅಂದುಕೊಳ್ಳಿ, ವಾಪಸ್ ಬರುತ್ತಾರೆ. ಪಿಂಚಣಿ 52,800, ಕಂತು ಕಳೆದ ಸಂಬಳ 43,000. ಒಟ್ಟು 95,800. ಅದೇ ತರಗತಿ, ಅದೇ ಮಕ್ಕಳು. ಮೊದಲಿಗಿಂತ ವರ್ಷಕ್ಕೆ 27,000 ಡಾಲರ್ ಹೆಚ್ಚು.

ನನಗೆ ಇಲ್ಲಿ ಕಾಣುವುದು ಇಷ್ಟು: ಇದನ್ನು ಮಾಡಲು ಯಾರೂ ದುರಾಸೆಯವರೇ ಆಗಬೇಕಿಲ್ಲ. ಸೂತ್ರವೇ ಹಾಗೆ ಬರೆದಿದೆ. ಅರ್ಹತೆ ಬಂದ ದಿನದಿಂದ ನಿವೃತ್ತಿಯಾಗು ಅಂತ ಅದು ಒತ್ತಾಯಿಸುತ್ತದೆ. ಲೆಕ್ಕ ಗೊತ್ತಿರುವ ಯಾವ ಮೇಷ್ಟ್ರಾದರೂ ಅದನ್ನೇ ಮಾಡುತ್ತಾರೆ. ಹಿಂದೆ ಒಹಾಯೋದಲ್ಲಿ ಈ ಒತ್ತಾಯ ಇನ್ನೂ ಜೋರಾಗಿತ್ತು. 30 ವರ್ಷ ಸೇವೆ ಆಗಿದ್ದರೆ ಯಾವ ವಯಸ್ಸಿನಲ್ಲಾದರೂ ಪೂರ್ಣ ಪಿಂಚಣಿಗೆ ಹೋಗಬಹುದಿತ್ತು. 35 ವರ್ಷ ಮುಗಿಸಿದವರಿಗೆ ಸರಾಸರಿ ಸಂಬಳದ ಶೇ. 88.5ರಷ್ಟು ಸಿಗುತ್ತಿತ್ತು, ಸರಾಸರಿಯನ್ನೂ ಮೂರೇ ವರ್ಷದ್ದು ಹಿಡಿಯುತ್ತಿದ್ದರು. 2012ರಲ್ಲಿ ಕಾನೂನು ತಿದ್ದಿ ಇದನ್ನೆಲ್ಲ ಹಂತಹಂತವಾಗಿ ಬಿಗಿ ಮಾಡಿದರು.

ಹಾಗಾದರೆ ತೆರಿಗೆದಾರರಿಗೆ ನಷ್ಟವೇ?

ಇದಕ್ಕೆ ಒಂದೇ ಉತ್ತರ ಇಲ್ಲ. ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ವಾಪಸ್ ಬರುವ ಅವಕಾಶ ಇಲ್ಲದಿದ್ದರೂ ಆ ವ್ಯಕ್ತಿ ಅದೇ ದಿನ ನಿವೃತ್ತರಾಗುತ್ತಿದ್ದರಾ?

ಹೌದು ಅಂತಿಟ್ಟುಕೊಳ್ಳಿ. ಆಗ ಪಿಂಚಣಿ ಹೇಗೂ ಕೊಡಲೇಬೇಕಿತ್ತು. ಇದು ಅವಧಿ ತುಂಬಿದ ಎಲ್‌ಐಸಿ ಪಾಲಿಸಿ ಇದ್ದ ಹಾಗೆ. ಮೂವತ್ತು ವರ್ಷ ಕಂತು ಕಟ್ಟಿ ಮುಗಿಸಿದ ಮೇಲೆ ದುಡ್ಡು ಕೈಗೆ ಬರುತ್ತದೆ, ಅವರು ಆಮೇಲೆ ಕೆಲಸಕ್ಕೆ ಹೋಗುತ್ತಾರೋ ಇಲ್ಲವೋ ಅಂತ ಎಲ್‌ಐಸಿ ಕೇಳುವುದಿಲ್ಲ. ಖಾಲಿಯಾದ ಜಾಗಕ್ಕೆ ಜಿಲ್ಲೆ ಯಾರಿಗಾದರೂ ಸಂಬಳ ಕೊಡಲೇಬೇಕು. ಆ "ಯಾರಾದರೂ" ಇವರೇ ಆದರೆ ಹೆಚ್ಚುವರಿ ಖರ್ಚು ಅನ್ನುವುದೇನೂ ಇಲ್ಲ. ಬಹಳಷ್ಟು ಜಿಲ್ಲೆಗಳು ನಿವೃತ್ತರನ್ನು ವೇತನ ಶ್ರೇಣಿಯ ಕೆಳಗಿನ ಮೆಟ್ಟಿಲಿಗೆ ಇಳಿಸಿ, ಒಂದೊಂದೇ ವರ್ಷದ ಗುತ್ತಿಗೆ ಕೊಟ್ಟು ತಗೊಳ್ಳುತ್ತವೆ. ಆಗ ಜಿಲ್ಲೆಗೆ ಉಳಿತಾಯವೇ ಆಗುತ್ತದೆ. 80,000 ಕೊಡುತ್ತಿದ್ದ ಕೆಲಸ 50,000ಕ್ಕೆ ನಡೆಯಿತು.

ಇಲ್ಲ, ವಾಪಸ್ ಬರಬಹುದು ಅಂತ ಗೊತ್ತಿದ್ದಕ್ಕೇ ಅವರು ಐದು ವರ್ಷ ಮೊದಲೇ ನಿವೃತ್ತರಾದರು ಅಂತಿಟ್ಟುಕೊಳ್ಳಿ. ಆಗ ಚಿತ್ರ ತಿರುವುಮುರುವು. ಐದು ವರ್ಷ ಕೊಡಬೇಕಾಗಿರದ ಪಿಂಚಣಿಯನ್ನು ನಿಧಿ ಕೊಡುತ್ತದೆ. ನಮ್ಮ ಉದಾಹರಣೆಯಲ್ಲಿ ಅದೇ 2,64,000 ಡಾಲರ್. ಒಹಾಯೋದಲ್ಲಿ ವಾಪಸ್ ಬಂದವರ ಸಂಬಳದ ಮೇಲೂ ಕಂತು ಕಟ್ಟಿಸಿಕೊಳ್ಳುತ್ತಾರೆ, ನಿಜ. ಆದರೆ ಆ ಹಣ ಅವರದೇ ಇನ್ನೊಂದು ಖಾತೆಗೆ ಹೋಗಿ ಮುಂದೆ ಅವರಿಗೇ ವರ್ಷಾಶನವಾಗಿ ಬರುತ್ತದೆ. ಹಳೆಯ ಪಿಂಚಣಿಯ ಹೊರೆ ಅದರಿಂದ ಕಡಿಮೆಯಾಗುವುದಿಲ್ಲ.

ಇಲ್ಲೇ ಸೂಕ್ಷ್ಮ ಇರುವುದು. ಉಳಿತಾಯ ಕಾಣುವುದು ಜಿಲ್ಲೆಯ ಪುಸ್ತಕದಲ್ಲಿ. ಹೊರೆ ಬೀಳುವುದು ರಾಜ್ಯದ ನಿಧಿಯ ಮೇಲೆ. ಶಾಲಾ ಮಂಡಳಿ "ನಾವು ದುಡ್ಡು ಉಳಿಸಿದೆವು" ಅಂದರೆ ಅದು ಸುಳ್ಳಲ್ಲ. ನಿಧಿಯ ಲೆಕ್ಕ ನೋಡುವವರು "ನಮಗೆ ನಷ್ಟವಾಯಿತು" ಅಂದರೆ ಅದೂ ಸುಳ್ಳಲ್ಲ. ಇಬ್ಬರೂ ತಮ್ಮ ತಮ್ಮ ಪುಸ್ತಕ ಓದಿ ಹೇಳುತ್ತಿರುತ್ತಾರೆ, ಎರಡನ್ನೂ ಕೂಡಿಸಿ ಹೇಳುವವರು ಕಡಿಮೆ.

ನಿಧಿಗೆ ನಷ್ಟವಾದರೆ ಯಾರ ಮೇಲೆ ಬೀಳುತ್ತದೆ? ಒಹಾಯೋದಲ್ಲಿ ಆಗಿದ್ದನ್ನೇ ನೋಡಿ. ಬೆಲೆ ಏರಿಕೆಗೆ ತಕ್ಕಂತೆ ಪಿಂಚಣಿ ಏರಿಸುವ ಪದ್ಧತಿ ಅಲ್ಲೂ ಇತ್ತು, ನಮ್ಮ ತುಟ್ಟಿಭತ್ಯೆಯ ತರಹದ್ದು. 2017ರ ಜುಲೈಯಿಂದ ಎಸ್‌ಟಿಆರ್‌ಎಸ್ ಅದನ್ನು ನಿಲ್ಲಿಸಿತು. ಐದು ವರ್ಷ ಒಂದು ಪೈಸೆ ಏರಲಿಲ್ಲ. 2022ರಲ್ಲಿ ಒಂದು ಸಲಕ್ಕೆ ಅಂತ ಶೇ. 3 ಕೊಟ್ಟರು. ಅದಕ್ಕೆ ಕಾರಣ ಡಬಲ್ ಡಿಪ್ಪಿಂಗ್ ಒಂದೇ ಅಂತ ಹೇಳಿದರೆ ಅನ್ಯಾಯವಾಗುತ್ತದೆ. ಹೂಡಿಕೆಯ ಏರಿಳಿತ, ಜನ ಹೆಚ್ಚು ಕಾಲ ಬದುಕುವುದು, ಹಳೆಯ ಉದಾರ ಸೂತ್ರಗಳು, ಎಲ್ಲ ಸೇರಿದ್ದವು. ಆದರೆ ನಿಧಿ ಬಡವಾದಾಗ ಪೆಟ್ಟು ತಿನ್ನುವವರು ಯಾರು ಅನ್ನುವುದು ಇದರಿಂದ ಗೊತ್ತಾಗುತ್ತದೆ: ವಯಸ್ಸಾಗಿ ಇನ್ನು ಕೆಲಸಕ್ಕೆ ಹೋಗಲಾಗದ ಹಳೆಯ ಪಿಂಚಣಿದಾರರು ಮತ್ತು ಶೇ. 14 ಕಟ್ಟುತ್ತಿರುವ ಇವತ್ತಿನ ಯುವ ಶಿಕ್ಷಕರು. ಪಿಂಚಣಿ ಏರದೆ ಇದ್ದಾಗ ಮೈಯಲ್ಲಿ ಶಕ್ತಿ ಇರುವ ನಿವೃತ್ತರು ಮತ್ತೆ ಕೆಲಸ ಹುಡುಕುತ್ತಾರೆ ಅನ್ನುವುದೂ ಇದರ ಇನ್ನೊಂದು ಮುಖ.

ಶಾಲೆಗಳು ಇವರನ್ನೇ ಯಾಕೆ ಕರೆಯುತ್ತವೆ?

ಬೇರೆ ಯಾರೂ ಸಿಗದೆ ಕರೆಯುತ್ತವೆ ಅನ್ನುವುದು ಬಹಳ ಸಲ ನಿಜ. ಹಳ್ಳಿಗಾಡಿನ ಜಿಲ್ಲೆಗೆ ಗಣಿತ, ಭೌತಶಾಸ್ತ್ರ ಕಲಿಸುವವರು ಸಿಗುವುದು ಕಷ್ಟ. ವಿಶೇಷ ಅಗತ್ಯವಿರುವ ಮಕ್ಕಳಿಗೆ ಕಲಿಸಲು ಬೇರೆಯೇ ಪರವಾನಗಿ ಬೇಕು. ಶಾಲಾ ಬಸ್ ಓಡಿಸಲು ವಾಣಿಜ್ಯ ಚಾಲನಾ ಪರವಾನಗಿ ಬೇಕು. ಅದಿರುವವರಿಗೆ ಲಾರಿ ಕಂಪನಿಗಳು ಹೆಚ್ಚು ಸಂಬಳ ಕೊಡುತ್ತವೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅಂತ ಮುರುಕಲು ಪಾಳಿಯಲ್ಲಿ ದುಡಿಯಲು ಒಪ್ಪುವವರು ಹೆಚ್ಚಾಗಿ ನಿವೃತ್ತರೇ. ಬಸ್ ಬರದಿದ್ದರೆ ಮಗು ಶಾಲೆಗೆ ಹೋಗುವುದೇ ಇಲ್ಲ. ಆ ಮನೆಯವರಿಗೆ ಚಾಲಕರ ಪಿಂಚಣಿಯ ಚಿಂತೆಗಿಂತ ಬಸ್ಸಿನ ಚಿಂತೆಯೇ ದೊಡ್ಡದು.

ಇನ್ನೊಂದು ಸಂದರ್ಭ ಸೂಪರಿಂಟೆಂಡೆಂಟ್ ಹುದ್ದೆಯದು. ಇವರು ಇಡೀ ಶಾಲಾ ಜಿಲ್ಲೆಯ ಮುಖ್ಯಸ್ಥರು. ವರ್ಷದ ನಡುವೆ ಇವರು ಬಿಟ್ಟುಹೋದರೆ ಹೊಸಬರನ್ನು ಹುಡುಕಲು ತಿಂಗಳುಗಟ್ಟಲೆ ಬೇಕು. ಅಲ್ಲಿವರೆಗೆ ಅನುಭವ ಇರುವ ನಿವೃತ್ತರೊಬ್ಬರನ್ನು ಹಂಗಾಮಿಯಾಗಿ ಕೂರಿಸುತ್ತಾರೆ. ಅಲ್ಪ ಕಾಲಕ್ಕೆ ಇದು ಸರಿಯಾದ ಏರ್ಪಾಡೇ. ಆದರೆ ಜನರ ಕಣ್ಣಿಗೆ ಮೊದಲು ಬೀಳುವುದೂ ಇವರೇ, ಯಾಕೆಂದರೆ ಪಿಂಚಣಿ, ಸಂಬಳ ಎರಡೂ ದೊಡ್ಡ ಮೊತ್ತ. ಪತ್ರಿಕೆಗಳಲ್ಲಿ ಬರುವ ಅಂಕಿ ಹೆಚ್ಚಾಗಿ ಇವರದ್ದು. ಅರೆಕಾಲಿಕ ಬದಲಿ ಶಿಕ್ಷಕರಾಗಿ, ಊಟದ ಕೋಣೆಯ ಮೇಲ್ವಿಚಾರಕರಾಗಿ ಬರುವ ನಿವೃತ್ತರದ್ದು ಸಣ್ಣ ಸಂಪಾದನೆ, ಅವರ ಸುದ್ದಿ ಬರುವುದಿಲ್ಲ. ಎಲ್ಲರನ್ನೂ ಒಂದೇ ಹೆಸರಿನಲ್ಲಿ ಕರೆಯುವುದರಿಂದ ಬಹಳ ಗೊಂದಲ ಆಗುತ್ತದೆ ಅನ್ನುವುದು ನನ್ನ ಅನಿಸಿಕೆ.

ಬೆಳಿಗ್ಗೆ ನಿವೃತ್ತಿ, ಸಂಜೆ ನೇಮಕ: ಇದು ಆಗುತ್ತದಾ?

ಆಗಬಾರದು. ಇಲ್ಲಿ ಕೇಂದ್ರದ ತೆರಿಗೆ ಕಾನೂನು ಅಡ್ಡ ಬರುತ್ತದೆ. ಪಿಂಚಣಿ ನಿಧಿಗಳಿಗೆ ತೆರಿಗೆ ವಿನಾಯಿತಿ ಇದೆ. ಆ ವಿನಾಯಿತಿ ಉಳಿಯಬೇಕಾದರೆ, ಅದರಲ್ಲೂ ವಯಸ್ಸಾಗುವ ಮೊದಲೇ ಪಿಂಚಣಿ ತಗೊಳ್ಳುವವರ ವಿಷಯದಲ್ಲಿ, ಕೆಲಸ ನಿಜವಾಗಿಯೂ ಬಿಟ್ಟಿರಬೇಕು. "ನೀವು ಕಾಗದಕ್ಕೆ ಸಹಿ ಹಾಕಿ, ಬರುವ ತಿಂಗಳು ವಾಪಸ್ ಬನ್ನಿ" ಅಂತ ಮೊದಲೇ ಬಾಯಿಮಾತಿನ ಒಪ್ಪಂದ ಆಗಿದ್ದರೂ ಅದು ನಿವೃತ್ತಿ ಅನ್ನಿಸಿಕೊಳ್ಳುವುದಿಲ್ಲ. ಹಾಗಾಗಿ ರಾಜ್ಯಗಳು ನಡುವೆ ಒಂದು ಕಡ್ಡಾಯ ಬಿಡುವು ಇಟ್ಟಿವೆ.

ಒಹಾಯೋದಲ್ಲಿ ಅದು ಎರಡು ತಿಂಗಳು. ಅದರೊಳಗೆ ಕೆಲಸಕ್ಕೆ ಸೇರಿದರೆ ಆ ಅವಧಿಯ ಪಿಂಚಣಿ ಕೈತಪ್ಪುತ್ತದೆ. ಎರಡು ತಿಂಗಳು ಕಳೆದರೆ ಪೂರ್ತಿ ಪಿಂಚಣಿ, ಪೂರ್ತಿ ಸಂಬಳ. ಗಳಿಕೆಗೆ ಮಿತಿ ಇಲ್ಲ. ಬೇಸಿಗೆ ರಜೆಯೇ ಎರಡು ತಿಂಗಳಿಗಿಂತ ಹೆಚ್ಚು ಇರುತ್ತದೆ ಅನ್ನುವುದನ್ನು ಗಮನಿಸಿ. ಮಕ್ಕಳಿಗೆ ತಮ್ಮ ಮೇಷ್ಟ್ರು ನಿವೃತ್ತರಾಗಿದ್ದೇ ಗೊತ್ತಾಗದೆ ಹೋಗಬಹುದು.

ಆದರೆ ಒಹಾಯೋ ಕಾನೂನಿನಲ್ಲಿ ಒಂದು ಒಳ್ಳೆಯ ಅಂಶವೂ ಇದೆ. ಮಂಡಳಿಯ ಮತದಿಂದ ನೇಮಿಸುವ ಹುದ್ದೆಗೆ, ಅದೇ ವ್ಯಕ್ತಿಯನ್ನು ಅದೇ ಹುದ್ದೆಗೆ ವಾಪಸ್ ತಗೊಳ್ಳುವುದಾದರೆ, ಕನಿಷ್ಠ 60 ದಿನ ಮೊದಲು ಸಾರ್ವಜನಿಕ ಪ್ರಕಟಣೆ ಕೊಡಬೇಕು. ಇವರು ನಿವೃತ್ತರಾಗುತ್ತಿದ್ದಾರೆ, ಮತ್ತೆ ಇಲ್ಲೇ ಕೆಲಸ ಕೇಳುತ್ತಿದ್ದಾರೆ, ಇಂಥ ದಿನ, ಇಂಥ ಕಡೆ ಸಭೆ ಇದೆ ಅಂತ ಅದರಲ್ಲಿ ಬರೆದಿರಬೇಕು. ಕೆಲಸ ಶುರುವಾಗುವ 15ರಿಂದ 30 ದಿನ ಮೊದಲು ಆ ಸಭೆ ನಡೆಯಬೇಕು. ಎಷ್ಟೋ ಸಲ ಸ್ಥಳೀಯ ಪತ್ರಿಕೆಗಳ ಕಾನೂನು ಪ್ರಕಟಣೆಗಳ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ನಾಲ್ಕು ಸಾಲು ಅದು. ಓದುವವರು ಕಡಿಮೆ. ಆದರೆ ಊರಿನವರು ಪ್ರಶ್ನೆ ಕೇಳಲು ಕಾನೂನೇ ತೆರೆದಿಟ್ಟ ಬಾಗಿಲು ಅದು.

ಬೇರೆ ರಾಜ್ಯಗಳು ಏನು ಮಾಡಿವೆ?

ನ್ಯೂಯಾರ್ಕ್ ಗಳಿಕೆಗೆ ಮಿತಿ ಹಾಕಿತು. 65 ವರ್ಷದೊಳಗಿನ ನಿವೃತ್ತರು ಸರ್ಕಾರಿ ಕೆಲಸಕ್ಕೆ ವಾಪಸ್ ಬಂದರೆ ವರ್ಷಕ್ಕೆ 35,000 ಡಾಲರ್ ತನಕ ಗಳಿಸಬಹುದು. 2020ಕ್ಕಿಂತ ಮೊದಲು ಅದು 30,000 ಇತ್ತು. ದಾಟಿದರೆ ಪಿಂಚಣಿ ನಿಲ್ಲುತ್ತದೆ. ಹೆಚ್ಚು ಸಂಬಳ ಕೊಟ್ಟೇ ಕರೆಸಿಕೊಳ್ಳಬೇಕಾದರೆ ಶಾಲಾ ಜಿಲ್ಲೆ ಶಿಕ್ಷಣ ಆಯುಕ್ತರ ಮುಂದೆ "ಬೇರೆ ಅರ್ಹರು ಸಿಗುತ್ತಿಲ್ಲ" ಅಂತ ತೋರಿಸಿ ಒಪ್ಪಿಗೆ ಪಡೆಯಬೇಕು. ಅದೂ ಒಂದು ಸಲಕ್ಕೆ ಹೆಚ್ಚೆಂದರೆ ಎರಡು ವರ್ಷಕ್ಕೆ. 65 ತುಂಬುವ ವರ್ಷದಿಂದ ಮಿತಿ ಇಲ್ಲ. ಆದರೆ 2022ರ ಏಪ್ರಿಲ್‌ನಲ್ಲಿ ಶಾಲೆಗಳ ಮಟ್ಟಿಗೆ ಈ ಮಿತಿಯನ್ನೇ ತಾತ್ಕಾಲಿಕವಾಗಿ ಎತ್ತಿಟ್ಟರು. ಕಾರಣ ಶಿಕ್ಷಕರ ಕೊರತೆ. ಆಮೇಲೆ ಅವಧಿ ಮುಗಿಯುತ್ತಿದ್ದ ಹಾಗೆ ಮುಂದಕ್ಕೆ ಹಾಕುತ್ತಾ ಬಂದರು.

ಕ್ಯಾಲಿಫೋರ್ನಿಯಾದಲ್ಲಿ ಬಿಡುವು ದೊಡ್ಡದು, 180 ದಿನ. ಆಮೇಲೂ ಮಿತಿ ಇದೆ. ಹಿಂದಿನ ವರ್ಷ ನಿವೃತ್ತರಾದ ಎಲ್ಲರ ಕೊನೆಯ ಸಂಬಳವನ್ನು ಸಾಲಾಗಿ ಜೋಡಿಸಿ, ನಟ್ಟನಡುವೆ ಬರುವ ಮೊತ್ತದ ಅರ್ಧದಷ್ಟನ್ನು ಮಾತ್ರ ಗಳಿಸಬಹುದಿತ್ತು. 2024ರ ಜುಲೈಯಿಂದ ಎರಡು ವರ್ಷದ ಮಟ್ಟಿಗೆ ಅದನ್ನು ಶೇ. 70ಕ್ಕೆ ಏರಿಸಿದರು. ಇಲ್ಲೂ ಕಾರಣ ಅದೇ.

ಫ್ಲೋರಿಡಾ ಹಾದಿ ಸ್ವಲ್ಪ ಬೇರೆ. ಅಲ್ಲಿ ಕೆಲಸಕ್ಕೆ ವಾಪಸ್ ಬರುವವರ ಬಗ್ಗೆ ಜನರ ಸಿಟ್ಟು ಎಷ್ಟಿತ್ತೆಂದರೆ 2010ರ ಜುಲೈಯಿಂದ ಕಠಿಣ ನಿಯಮ ಬಂತು. ಮೊದಲ ಆರು ತಿಂಗಳು ಆ ಪಿಂಚಣಿ ವ್ಯವಸ್ಥೆಗೆ ಸೇರಿದ ಯಾವ ಕಚೇರಿಯಲ್ಲೂ ಕೆಲಸ ಮಾಡುವಂತಿಲ್ಲ, ಮಾಡಿದರೆ ನಿವೃತ್ತಿಯೇ ರದ್ದು. ಏಳರಿಂದ ಹನ್ನೆರಡನೇ ತಿಂಗಳ ತನಕ ಕೆಲಸ ಮಾಡಿದರೆ ಆ ತಿಂಗಳುಗಳ ಪಿಂಚಣಿ ಇಲ್ಲ. ಇದರ ಜೊತೆಗೆ 1998ರಿಂದ ಡ್ರಾಪ್ ಎಂಬ ಯೋಜನೆಯೂ ಇದೆ. ಅರ್ಹತೆ ಬಂದ ನೌಕರರು ಕಾಗದದ ಮೇಲೆ ನಿವೃತ್ತರಾಗುತ್ತಾರೆ, ಕೆಲಸ ಬಿಡುವುದಿಲ್ಲ. ಪಿಂಚಣಿ ಅವರ ಕೈಗೆ ಬರದೆ ಒಂದು ಖಾತೆಯಲ್ಲಿ ಬಡ್ಡಿ ಸಮೇತ ಬೆಳೆಯುತ್ತದೆ. ಕೆಲಸ ಬಿಡುವ ದಿನ ಇಡೀ ಗಂಟು ಸಿಗುತ್ತದೆ. ಮೊದಲು ಇದಕ್ಕೆ 60 ತಿಂಗಳ ಗಡುವಿತ್ತು, 2023ರಲ್ಲಿ 96 ತಿಂಗಳು ಮಾಡಿದರು. ಸರಿಯಾಗಿ ನೋಡಿದರೆ ಇದೂ ಪಿಂಚಣಿ ಮತ್ತು ಸಂಬಳ ಎರಡನ್ನೂ ಕೊಡುವ ಏರ್ಪಾಡೇ. ವ್ಯತ್ಯಾಸ ಏನೆಂದರೆ ಎಲ್ಲ ಬಹಿರಂಗವಾಗಿದೆ, ಕೊನೆಯ ದಿನ ಮೊದಲೇ ಗೊತ್ತಿರುತ್ತದೆ, ಇಷ್ಟು ಜನ ಇಷ್ಟು ವರ್ಷ ಇರುತ್ತಾರೆ ಅಂತ ನಿಧಿಯವರು ಲೆಕ್ಕ ಹಾಕಬಹುದು.

ಟೆಕ್ಸಾಸ್ ನಿಧಿಗೆ ಆಗುವ ನಷ್ಟದ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿದೆ. ಅಲ್ಲಿ ನಿವೃತ್ತರನ್ನು ಅರ್ಧಕಾಲಿಕಕ್ಕಿಂತ ಹೆಚ್ಚು ದುಡಿಸಿಕೊಳ್ಳುವ ಜಿಲ್ಲೆ ಪಿಂಚಣಿ ನಿಧಿಗೆ ಪ್ರತ್ಯೇಕ ಶುಲ್ಕ ಕಟ್ಟಬೇಕು. ಕೆಲವು ಜಿಲ್ಲೆಗಳು ಆ ಶುಲ್ಕವನ್ನು ನಿವೃತ್ತರ ಸಂಬಳದಿಂದಲೇ ಹಿಡಿದುಕೊಳ್ಳುತ್ತಿದ್ದವು. 2021ರ ಕಾನೂನು ಅದನ್ನು ನಿಲ್ಲಿಸಿತು.

ಸೋಷಿಯಲ್ ಸೆಕ್ಯುರಿಟಿ ವಿಷಯ ಬೇರೆ

2025ರ ಜನವರಿ 5ರಂದು ಅಧ್ಯಕ್ಷ ಬೈಡನ್ ಒಂದು ಕಾನೂನಿಗೆ ಸಹಿ ಹಾಕಿದರು. ಶಿಕ್ಷಕರಿಗೆ ಈಗ ಎರಡೆರಡು ಪಿಂಚಣಿ ಅಂತ ಸುದ್ದಿ ಹಬ್ಬಿತು. ಅದು ನಾವು ಮಾತಾಡುತ್ತಿರುವ ವಿಷಯವಲ್ಲ, ಆದರೆ ಬಹಳ ಜನ ಎರಡನ್ನೂ ಕಲಸಿಬಿಡುತ್ತಾರೆ.

ಶಿಕ್ಷಕರಾಗುವ ಮೊದಲೋ, ಬೇಸಿಗೆ ರಜೆಯಲ್ಲೋ ಖಾಸಗಿ ಕೆಲಸ ಮಾಡಿ ಸೋಷಿಯಲ್ ಸೆಕ್ಯುರಿಟಿಗೆ ಕಂತು ಕಟ್ಟಿದವರಿದ್ದಾರೆ. ಗಂಡ ಅಥವಾ ಹೆಂಡತಿಯ ಖಾತೆಯಿಂದ ಅದಕ್ಕೆ ಹಕ್ಕುಳ್ಳವರೂ ಇದ್ದಾರೆ. ಶಾಲಾ ಪಿಂಚಣಿ ಬರುತ್ತದೆ ಎಂಬ ಕಾರಣಕ್ಕೆ ಅವರ ಪಾಲನ್ನು ಕಡಿತ ಮಾಡುವ ಎರಡು ನಿಯಮಗಳಿದ್ದವು. ಒಂದರಲ್ಲಂತೂ ಸರ್ಕಾರಿ ಪಿಂಚಣಿಯ ಮೂರರಲ್ಲಿ ಎರಡು ಪಾಲಿನಷ್ಟು ಮೊತ್ತವನ್ನು ಸಂಗಾತಿಯ ಖಾತೆಯಿಂದ ಬರುವ ಹಣದಲ್ಲಿ ಕಳೆಯುತ್ತಿದ್ದರು. ಎಷ್ಟೋ ವಿಧವೆ ಶಿಕ್ಷಕಿಯರಿಗೆ ಒಂದು ಡಾಲರೂ ಸಿಗುತ್ತಿರಲಿಲ್ಲ. 2025ರ ಕಾನೂನು ಆ ಎರಡೂ ನಿಯಮಗಳನ್ನು ತೆಗೆದುಹಾಕಿತು. ಶಾಲೆಗೆ ವಾಪಸ್ ಬಂದು ಸಂಬಳ ಪಡೆಯುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ನಮ್ಮಲ್ಲಿ ಹೇಗೆ?

ಭಾರತದ ಸರ್ಕಾರಿ ನಿಯಮಗಳನ್ನು ಬಲ್ಲವರಿಗೆ ಒಹಾಯೋದ ಕಥೆ ಕೇಳಿ ಆಶ್ಚರ್ಯವಾಗಬಹುದು. ನಮ್ಮ ಕೇಂದ್ರ ಸರ್ಕಾರದ ಪದ್ಧತಿಯಲ್ಲಿ ಹಳೆಯ ಪಿಂಚಣಿ ಇರುವ ನಿವೃತ್ತರನ್ನು ಮತ್ತೆ ಗುತ್ತಿಗೆ ಮೇಲೆ ತಗೊಂಡರೆ, ಕೊನೆಯ ಸಂಬಳದಿಂದ ಪಿಂಚಣಿ ಕಳೆದು ಉಳಿದದ್ದನ್ನು ಮಾತ್ರ ಕೊಡುತ್ತಾರೆ. 2020ರ ಡಿಸೆಂಬರ್ 9ರ ಹಣಕಾಸು ಸಚಿವಾಲಯದ ಆದೇಶ ಇದನ್ನೇ ಹೇಳುತ್ತದೆ. ಕೊನೆಯ ಸಂಬಳ 90,000 ರೂಪಾಯಿ, ಪಿಂಚಣಿ 45,000 ಇದ್ದರೆ ಹೊಸ ಕೆಲಸಕ್ಕೆ 45,000. ಎರಡೂ ಸೇರಿ ಹಿಂದಿನ ಸಂಬಳ ದಾಟುವುದಿಲ್ಲ. ಹೀಗೆ ಮಾಡಿದರೆ ಬೇಗ ನಿವೃತ್ತರಾಗಿ ವಾಪಸ್ ಬರುವುದರಲ್ಲಿ ಲಾಭವೇ ಇಲ್ಲ. ಇನ್ನೊಂದು ಕಡೆ, ಪೂರ್ತಿ ಕೆಲಸಕ್ಕೆ ಅರ್ಧ ದುಡ್ಡು ಅಂತ ಅನುಭವಿಗಳು ಬರಲು ಹಿಂಜರಿಯುತ್ತಾರೆ.

ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸರ್ಕಾರಿ ಕೆಲಸಕ್ಕೆ ಸೇರಿದ ಶಿಕ್ಷಕರು ಎನ್‌ಪಿಎಸ್‌ನಲ್ಲಿದ್ದಾರೆ. ಅಲ್ಲಿ ಸೂತ್ರ ಹೇಳುವ ಖಚಿತ ಪಿಂಚಣಿ ಇಲ್ಲ. ತಾವು ಮತ್ತು ಸರ್ಕಾರ ಕಟ್ಟಿದ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟು ಬೆಳೆಯುತ್ತದೆ. ನಿವೃತ್ತಿಯಾದಾಗ ಅದರ ಕನಿಷ್ಠ ಶೇ. 40ಕ್ಕೆ ವರ್ಷಾಶನ ಕೊಳ್ಳಬೇಕು. ಇಂಥ ವ್ಯವಸ್ಥೆಯಲ್ಲಿ ಬೇಗ ನಿವೃತ್ತರಾದರೆ ನಿಧಿಗೆ ನಷ್ಟ ಅನ್ನುವ ಮಾತೇ ಬರುವುದಿಲ್ಲ, ಯಾಕೆಂದರೆ ಗಂಟು ಅವರವರದ್ದೇ. ನಮ್ಮಲ್ಲಿ ನಿವೃತ್ತರನ್ನು ಮತ್ತೆ ನೇಮಿಸುವ ಮಾತು ಬಂದಾಗ ಏಳುವ ಸಿಟ್ಟು ಬೇರೆ ತರಹದ್ದು. ಬಿ.ಎಡ್., ಡಿ.ಎಡ್. ಮುಗಿಸಿ ನೇಮಕಾತಿ ಯಾವಾಗ ಅಂತ ಕಾಯುತ್ತಿರುವ ಯುವಕ ಯುವತಿಯರಿದ್ದಾರೆ, ಅತಿಥಿ ಶಿಕ್ಷಕರಾಗಿ ಗೌರವಧನಕ್ಕೆ ದುಡಿಯುತ್ತಿರುವವರಿದ್ದಾರೆ. ಒಹಾಯೋದ ಹಳ್ಳಿಯಲ್ಲಿ ಜನ ಸಿಗುತ್ತಿಲ್ಲ ಅನ್ನುವ ಕೊರಗು, ನಮ್ಮ ಜಿಲ್ಲೆಗಳಲ್ಲಿ ಕೆಲಸ ಸಿಗುತ್ತಿಲ್ಲ ಅನ್ನುವ ಕೊರಗು. ಅಲ್ಲಿಯ ವಾದವನ್ನು ತಂದು ಇಲ್ಲಿ ಹಚ್ಚಿದರೆ ಹೊಂದುವುದಿಲ್ಲ.

ಶಾಲಾ ಮಂಡಳಿಯ ಸಭೆಗೆ ಹೋಗುವವರು ಕೇಳಬಹುದಾದದ್ದು

ಅಲ್ಲಿರುವವರಿಗೆ ಒಂದು ಮಾತು. ಮಂಡಳಿಯ ಸಭೆಗಳಲ್ಲಿ ಸಾರ್ವಜನಿಕರಿಗೆ ಮಾತಾಡಲು ಸಾಮಾನ್ಯವಾಗಿ ಕೆಲವೇ ನಿಮಿಷ ಸಿಗುತ್ತದೆ. "ಎರಡು ಕಡೆ ದುಡ್ಡು ತಗೊಳ್ಳೋದು ಸರಿಯಾ?" ಅಂತ ಕೇಳಿದರೆ "ಕಾನೂನಿನಲ್ಲಿ ಅವಕಾಶ ಇದೆ" ಅನ್ನುವ ಉತ್ತರದಲ್ಲಿ ಮಾತು ಮುಗಿಯುತ್ತದೆ. ಅದರ ಬದಲು ಉತ್ತರದಿಂದ ಏನಾದರೂ ತಿಳಿಯುವಂಥ ಪ್ರಶ್ನೆ ಕೇಳಬಹುದು. ಈ ಹುದ್ದೆಗೆ ಹೊರಗಿನಿಂದ ಅರ್ಜಿ ಕರೆದಿದ್ದಿರಾ, ಎಷ್ಟು ಬಂದವು? ವಾಪಸ್ ಬರುವವರಿಗೆ ವೇತನ ಶ್ರೇಣಿಯಲ್ಲಿ ಯಾವ ಮೆಟ್ಟಿಲು ಕೊಡುತ್ತಿದ್ದೀರಿ, ಹಳೆಯ ಸಂಬಳವೇನಾ, ಕಡಿಮೆಯಾ? ಆರೋಗ್ಯ ವಿಮೆಯ ಖರ್ಚು ಯಾರದ್ದು? ಗುತ್ತಿಗೆ ಎಷ್ಟು ವರ್ಷಕ್ಕೆ, ಮುಂದೆ ಈ ಕೆಲಸಕ್ಕೆ ಯಾರನ್ನು ತಯಾರು ಮಾಡುತ್ತಿದ್ದೀರಿ?

ಅರ್ಜಿಯನ್ನೇ ಕರೆಯದೆ, ಹಳೆಯ ಸಂಬಳಕ್ಕೇ, ಮೂರು ಐದು ವರ್ಷಕ್ಕೆ ಅಂತ ನೇಮಿಸುತ್ತಿದ್ದರೆ ಕೊರತೆಯ ಮಾತಿಗೆ ಅಲ್ಲಿ ಆಧಾರ ಇಲ್ಲ. ಎರಡು ಸಲ ಜಾಹೀರಾತು ಕೊಟ್ಟೂ ಯಾರೂ ಬರದೆ, ಕಡಿಮೆ ಸಂಬಳಕ್ಕೆ ಒಂದು ವರ್ಷದ ಮಟ್ಟಿಗೆ ಹಳೆಯ ಗಣಿತ ಮೇಷ್ಟ್ರನ್ನು ಕರೆಯುತ್ತಿದ್ದರೆ ಅದು ಬೇರೆಯೇ ವಿಷಯ. ಇವೆಲ್ಲ ಗುತ್ತಿಗೆ ಪತ್ರದಲ್ಲಿ, ಸಭೆಯ ನಡಾವಳಿಯಲ್ಲಿ ಬರೆದಿರುವ ಸಂಗತಿಗಳು. ಒಹಾಯೋದಲ್ಲಿ ಸಾರ್ವಜನಿಕ ದಾಖಲೆ ಕಾನೂನಿನಡಿ ಯಾರು ಬೇಕಾದರೂ ಕೇಳಿ ಪಡೆಯಬಹುದು, ಅದಕ್ಕೆ ಅಲ್ಲಿಯ ಪೌರತ್ವವೂ ಬೇಕಿಲ್ಲ.